ಎನ್‌ಡಿ ಅಂದರೆ ಯಾವ ಡಾಕ್ಟರ್? ಮಗಳ ಥೈರಾಯ್ಡ್ ಚಿಕಿತ್ಸೆ ಬಗ್ಗೆ ಕೇಳಿದ ತಾಯಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾಳೆ. ಎರಡು ವರ್ಷದಿಂದ ಥೈರಾಯ್ಡ್‌ಗೆ ಮಾತ್ರೆ ತಗೊಳ್ಳುತ್ತಿದ್ದಾಳೆ. ಆದರೂ ಸುಸ್ತು ಹೋಗಿಲ್ಲ ಎಂದು ಈಗ ಬೇರೆ ಡಾಕ್ಟರ್ ಹತ್ತಿರ ತೋರಿಸುತ್ತಿದ್ದಾಳೆ. ಅವರ ಹೆಸರಿನ ಮುಂದೆ ಎಂಡಿ ಇಲ್ಲ, ಎನ್‌ಡಿ ಎಂದಿದೆ. ನ್ಯಾಚುರೋಪತಿಕ್ ಡಾಕ್ಟರ್ ಅಂತೆ. ಅವರು ಈಗಿನ ಮಾತ್ರೆ ಬಿಟ್ಟು ‘ನೈಸರ್ಗಿಕ’ ಥೈರಾಯ್ಡ್ ಮಾತ್ರೆ ಶುರು ಮಾಡೋಣ ಎಂದಿದ್ದಾರೆ. ಜೊತೆಗೆ ನಾಲ್ಕು ಬಾಟಲಿ ಸಪ್ಲಿಮೆಂಟ್ ಬೇರೆ. ಇವರು ನಿಜವಾದ ಡಾಕ್ಟರಾ? ಏನು ಓದಿರುತ್ತಾರೆ? ನಮ್ಮ ಕಡೆ ಪ್ರಕೃತಿ ಚಿಕಿತ್ಸೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕುತ್ತಾರಲ್ಲ, ಅವರೇ ಇವರಾ?

ಉತ್ತರ: ಬೇರೆಲ್ಲಾ ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಮಗಳಿಗೆ ತಿಳಿಸಿ. ಈಗಿನ ಮಾತ್ರೆಯನ್ನು ಅವಳು ತಾನಾಗಿ ನಿಲ್ಲಿಸಬಾರದು. ಥೈರಾಯ್ಡ್‌ಗೆ ಸಾಮಾನ್ಯವಾಗಿ ಕೊಡುವ ಲೆವೋಥೈರಾಕ್ಸಿನ್ ಮೈಯಿಂದ ಅರ್ಧದಷ್ಟು ಖಾಲಿಯಾಗುವುದಕ್ಕೇ ಸುಮಾರು ಒಂದು ವಾರ ಬೇಕು. ಹಾಗಾಗಿ ಬಿಟ್ಟ ಮೊದಲ ಕೆಲವು ದಿನ ಏನೂ ಗೊತ್ತಾಗುವುದಿಲ್ಲ. ‘ಅರೆ, ಮಾತ್ರೆ ಇಲ್ಲದೆಯೂ ಚೆನ್ನಾಗಿಯೇ ಇದ್ದೇನಲ್ಲ’ ಅನ್ನಿಸಿಬಿಡುತ್ತದೆ. ತೊಂದರೆ ಶುರುವಾಗುವುದು ವಾರಗಳು ಕಳೆದ ಮೇಲೆ, ಆಗ ಕಾರಣ ಯಾವುದು ಎಂದು ನೆನಪಿಗೇ ಬರುವುದಿಲ್ಲ.

ನಾನು ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಫ್ಯಾಮಿಲಿ ಡಾಕ್ಟರ್. ಇಲ್ಲಿ ಎನ್‌ಡಿಗಳು ತುಂಬಾ ಜನ ಇದ್ದಾರೆ. ನನ್ನ ಪೇಷಂಟುಗಳಲ್ಲಿ ಎಷ್ಟೋ ಮಂದಿ ಅವರ ಹತ್ತಿರವೂ ಹೋಗುತ್ತಾರೆ, ನನ್ನ ಹತ್ತಿರವೂ ಬರುತ್ತಾರೆ. ಹಾಗಾಗಿ ಇದನ್ನು ಹೊರಗಿನಿಂದ ನೋಡಿ ಹೇಳುತ್ತಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಗೊಂದಲ ಇರುವುದೇ ಆ ಹೆಸರಿನಲ್ಲಿ. ನಮ್ಮ ಕಡೆಯ ಪ್ರಕೃತಿ ಚಿಕಿತ್ಸಕರೂ ಅಮೆರಿಕದ ಎನ್‌ಡಿಗಳೂ ಒಂದೇ ಬೇರಿನವರು, ಆದರೆ ಈಗ ಮಾಡುವ ಕೆಲಸ ಬೇರೆ. ಮೂಲ ಜರ್ಮನಿಯ ಕಡೆಯದು. 19ನೇ ಶತಮಾನದಲ್ಲಿ ಅಲ್ಲಿ ತಣ್ಣೀರಿನ ಚಿಕಿತ್ಸೆ ದೊಡ್ಡ ಹೆಸರು ಮಾಡಿತ್ತು. ಬವೇರಿಯಾದ ಸೆಬಾಸ್ಟಿಯನ್ ಕ್ನೈಪ್ ಎಂಬ ಪಾದ್ರಿ ನೀರು, ಗಿಡಮೂಲಿಕೆ, ವ್ಯಾಯಾಮ, ಸರಳ ಊಟ ಇವಿಷ್ಟರಿಂದಲೇ ಚಿಕಿತ್ಸೆ ಕೊಡುತ್ತಿದ್ದರು. ಅವರ ಹತ್ತಿರ ಚಿಕಿತ್ಸೆ ಪಡೆದ ಬೆನೆಡಿಕ್ಟ್ ಲಸ್ಟ್ ಎಂಬ ಜರ್ಮನ್ ವಲಸೆಗಾರ ಅಮೆರಿಕಕ್ಕೆ ಇದನ್ನು ತಂದರು. ಹೋಮಿಯೋಪತಿ, ಮೂಳೆ ತಿದ್ದುವುದು, ಮಸಾಜ್ ಎಲ್ಲವನ್ನೂ ಇದಕ್ಕೆ ಸೇರಿಸಿಕೊಂಡು ‘ನ್ಯಾಚುರೋಪತಿ’ ಎಂಬ ಹೆಸರಿನಲ್ಲಿ 1900ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನಲ್ಲಿ ಶಾಲೆ ತೆರೆದರು. ಇನ್ನೊಂದು ಕವಲು ಲೈಪ್‌ಜಿಗ್‌ನ ಲೂಯಿ ಕೂನೆ ಮತ್ತು ಅಡಾಲ್ಫ್ ಜಸ್ಟ್ ಅವರ ಬರಹಗಳ ಮೂಲಕ ಗಾಂಧೀಜಿಯನ್ನು ಮುಟ್ಟಿತು. ಅವರು ಅದನ್ನು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ನಿಸರ್ಗೋಪಚಾರ ಆಶ್ರಮ ಶುರು ಮಾಡಿದರು.

ನಮ್ಮಲ್ಲಿ ಈಗ ಇರುವ ಬಿಎನ್‌ವೈಎಸ್ ಪದವಿ, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಆ ಕವಲಿನದು. ಐದೂವರೆ ವರ್ಷದ ಓದು, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಉಜಿರೆಯಲ್ಲಿ 1989ರಲ್ಲಿ ಶುರುವಾದ ಕಾಲೇಜು ಈ ಪದವಿಗೆ ದೇಶದಲ್ಲೇ ಮೊದಲನೆಯದು. ಅವರ ಪದ್ಧತಿಯ ತಿರುಳೇ ಔಷಧಿ ಇಲ್ಲದ ಚಿಕಿತ್ಸೆ. ನೀರು, ಮಣ್ಣು, ಉಪವಾಸ, ಊಟದ ಬದಲಾವಣೆ, ಯೋಗ. ಅಮೆರಿಕದ ಎನ್‌ಡಿ ಆ ದಾರಿ ಬಿಟ್ಟು ಬಹಳ ದೂರ ಬಂದಿದ್ದಾರೆ. ನಿಮ್ಮ ಮಗಳು ನೋಡುತ್ತಿರುವ ಡಾಕ್ಟರ್ ಮಣ್ಣಿನ ಪಟ್ಟಿ ಹಾಕುವುದಿಲ್ಲ. ರಕ್ತ ಪರೀಕ್ಷೆ ಬರೆಯುತ್ತಾರೆ, ಪೋರ್ಟ್‌ಲ್ಯಾಂಡ್ ಇರುವ ಒರೆಗಾನ್ ರಾಜ್ಯದಲ್ಲಾದರೆ ಇಂಗ್ಲಿಷ್ ಔಷಧಿಯನ್ನೂ ಬರೆಯುತ್ತಾರೆ.

ಈಗ ಓದಿನ ವಿಷಯ. ಇಲ್ಲಿ ಒಂದು ಮುಖ್ಯ ಸಂಗತಿ ಇದೆ, ಬಹಳಷ್ಟು ಜನ ಇದರಲ್ಲೇ ಎಡವುತ್ತಾರೆ. ಅಮೆರಿಕದಲ್ಲಿ ಎನ್‌ಡಿ ಎಂದು ಬರೆದುಕೊಳ್ಳುವವರು ಎರಡು ಥರ. ಒಬ್ಬರು ಮಾನ್ಯತೆ ಇರುವ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ಓದಿ, ಪರೀಕ್ಷೆ ಪಾಸಾಗಿ, ರಾಜ್ಯದ ಲೈಸೆನ್ಸ್ ಪಡೆದವರು. ಇನ್ನೊಬ್ಬರು ಅಂಚೆ ಮೂಲಕವೋ ಆನ್‌ಲೈನ್‌ನಲ್ಲೋ ಕೋರ್ಸ್ ಮುಗಿಸಿ, ಪೇಷಂಟನ್ನು ಮುಟ್ಟಿಯೂ ನೋಡದೆ ಸರ್ಟಿಫಿಕೇಟ್ ತಗೊಂಡವರು. ಲೈಸೆನ್ಸ್ ಕಾನೂನು ಇಲ್ಲದ ರಾಜ್ಯಗಳಲ್ಲಿ ಇವರಿಬ್ಬರ ಬೋರ್ಡಿನಲ್ಲೂ ಅದೇ ಎರಡಕ್ಷರ ಇರಬಹುದು. ಇವರನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲನೆಯವರಿಗೆ ಅನ್ಯಾಯ, ಪೇಷಂಟಿಗೆ ಅಪಾಯ.

ಒರೆಗಾನ್‌ನಲ್ಲಿ ಈ ಅನುಮಾನ ಬೇಡ. ಅಲ್ಲಿ 1927ರಿಂದಲೇ ಲೈಸೆನ್ಸ್ ಪದ್ಧತಿ ಇದೆ. ‘ಒರೆಗಾನ್ ಬೋರ್ಡ್ ಆಫ್ ನ್ಯಾಚುರೋಪತಿಕ್ ಮೆಡಿಸಿನ್’ ಎಂಬ ಸರ್ಕಾರಿ ಮಂಡಳಿಯ ವೆಬ್‌ಸೈಟಿನಲ್ಲಿ ಡಾಕ್ಟರ್ ಹೆಸರು ಹಾಕಿದರೆ ಲೈಸೆನ್ಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮಗಳಿಗೆ ಎರಡು ನಿಮಿಷದ ಕೆಲಸ, ಇವತ್ತೇ ಮಾಡಲಿ.

ಲೈಸೆನ್ಸ್ ಇರುವವರು ಓದಿರುವುದು ಏನು? ಮೊದಲು ಒಂದು ಸಾಮಾನ್ಯ ಪದವಿ, ಅದರಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಆಮೇಲೆ ನಾಲ್ಕು ವರ್ಷದ ಕಾಲೇಜು. ಮೆಡಿಕಲ್ ಕಾಲೇಜಿಗೆ ಬೇಕಾದ ಪ್ರವೇಶ ಪರೀಕ್ಷೆ ಇದಕ್ಕಿಲ್ಲ. ಇಂಥ ಮಾನ್ಯತೆ ಪಡೆದ ಕಾಲೇಜುಗಳು ಇಡೀ ಉತ್ತರ ಅಮೆರಿಕದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಳೆಯದು ನಿಮ್ಮ ಮಗಳ ಊರಾದ ಪೋರ್ಟ್‌ಲ್ಯಾಂಡ್‌ನಲ್ಲೇ ಇದೆ, 1956ರದ್ದು. ಆ ವರ್ಷಕ್ಕೂ ಒಂದು ಕಥೆ ಇದೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರು ಅಮೆರಿಕದ ಮೆಡಿಕಲ್ ಶಾಲೆಗಳ ಮೇಲೆ ಒಂದು ಕಟುವಾದ ವರದಿ ಬರೆದರು. ಲ್ಯಾಬ್ ಇಲ್ಲದ, ಆಸ್ಪತ್ರೆ ಇಲ್ಲದ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಮೇಲೆ ಪೆನಿಸಿಲಿನ್ ಬಂತು, ಸಾಯಬೇಕಾದವರು ಎದ್ದು ನಡೆದಾಡಿದರು. ನೀರಿನ ಚಿಕಿತ್ಸೆ ಯಾರಿಗೂ ಬೇಡವಾಯಿತು. ಎನ್‌ಡಿಗಳ ಶಾಲೆಗಳೂ ಹೆಚ್ಚುಕಡಿಮೆ ಮಾಯವಾಗಿದ್ದ ಹೊತ್ತಿನಲ್ಲಿ ಅಳಿದುಳಿದವರು ಸೇರಿ ಪೋರ್ಟ್‌ಲ್ಯಾಂಡ್‌ನ ಕಾಲೇಜು ಕಟ್ಟಿದರು. 1978ರಲ್ಲಿ ಸಿಯಾಟಲ್‌ನಲ್ಲಿ ಬ್ಯಾಸ್ಟರ್ ಕಾಲೇಜು ಬಂತು, ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಿಎನ್‌ಎಂಇ ಎಂಬ ಮಂಡಳಿಯೂ ಅದೇ ವರ್ಷ ಹುಟ್ಟಿತು.

ಮೊದಲ ಎರಡು ವರ್ಷ ಶರೀರ ರಚನೆ, ಅಂಗಗಳ ಕೆಲಸ, ಜೀವರಸಾಯನ, ರೋಗವಿಜ್ಞಾನ. ಎಂಬಿಬಿಎಸ್ ಮಕ್ಕಳು ಓದುವ ವಿಷಯಗಳೇ. ಅಷ್ಟಾದ ಮೇಲೆ ಎನ್‌ಪ್ಲೆಕ್ಸ್ ಎಂಬ ಪರೀಕ್ಷೆಯ ಮೊದಲ ಭಾಗ. ಉಳಿದ ಎರಡು ವರ್ಷ ರೋಗ ಪತ್ತೆ, ಔಷಧಶಾಸ್ತ್ರ, ಪೌಷ್ಟಿಕ ಆಹಾರ, ಗಿಡಮೂಲಿಕೆ, ನೀರಿನ ಚಿಕಿತ್ಸೆ, ಕೈಯಿಂದ ಮೂಳೆ ಮತ್ತು ಮಾಂಸಖಂಡ ಸರಿಪಡಿಸುವುದು, ಆಪ್ತ ಸಮಾಲೋಚನೆ, ಮತ್ತೆ ಹೋಮಿಯೋಪತಿ. ಪದವಿ ಆದ ಮೇಲೆ ಪರೀಕ್ಷೆಯ ಎರಡನೇ ಭಾಗ. ಸಿಎನ್‌ಎಂಇ ಪ್ರಕಾರ ಒಟ್ಟು ಕಡಿಮೆ ಎಂದರೂ 4,100 ಗಂಟೆ ಕಲಿಯಬೇಕು, ಅದರಲ್ಲಿ 1,200 ಗಂಟೆ ಪೇಷಂಟುಗಳ ಜೊತೆ.

ಈ 1,200ರ ಹತ್ತಿರ ಸ್ವಲ್ಪ ನಿಲ್ಲೋಣ. ವಾರಕ್ಕೆ 60 ಗಂಟೆ ಲೆಕ್ಕ ಹಾಕಿ, 20 ವಾರ ಆಗುತ್ತದೆ. ಇಲ್ಲಿ ಫ್ಯಾಮಿಲಿ ಡಾಕ್ಟರ್ ಆಗುವವರು ನಾಲ್ಕು ವರ್ಷದ ಮೆಡಿಕಲ್ ಕಾಲೇಜಿನಲ್ಲೇ ಅರ್ಧ ಕಾಲ ವಾರ್ಡುಗಳಲ್ಲಿ ಕಳೆಯುತ್ತಾರೆ. ಅದು ಮುಗಿದ ಮೇಲೆ ಮೂರು ವರ್ಷ ರೆಸಿಡೆನ್ಸಿ, ಅಂದರೆ ಹಿರಿಯ ವೈದ್ಯರ ಕೈಕೆಳಗೆ ಆಸ್ಪತ್ರೆಯಲ್ಲಿ ತರಬೇತಿ, ಕಡ್ಡಾಯ, ಎಷ್ಟೋ ವಾರ 80 ಗಂಟೆವರೆಗೂ ಕೆಲಸ. ಎನ್‌ಡಿಗಳಿಗೆ ರೆಸಿಡೆನ್ಸಿ ಬಹುತೇಕ ಕಡೆ ಕಡ್ಡಾಯವಲ್ಲ, ಸೀಟುಗಳೂ ಕಡಿಮೆ. ಅವರ ಕಲಿಕೆ ಹೆಚ್ಚಾಗಿ ಕಾಲೇಜಿನ ಹೊರರೋಗಿ ಕ್ಲಿನಿಕ್‌ನಲ್ಲಿ ಆಗುತ್ತದೆ. ಅಲ್ಲಿಗೆ ಬರುವವರು ನಡೆದುಕೊಂಡು ಬರುವವರು. ಎಮರ್ಜೆನ್ಸಿ ವಾರ್ಡಿಗೆ ರಾತ್ರಿ ಎರಡು ಗಂಟೆಗೆ ಬರುವವರಲ್ಲ.

ಇದು ಯಾಕೆ ಮುಖ್ಯ ಎಂದರೆ, ವೈದ್ಯರ ಕಣ್ಣು ತಯಾರಾಗುವುದು ಪುಸ್ತಕದಿಂದಲ್ಲ. ನೂರು ಸಲ ಸಾಧಾರಣ ತಲೆನೋವು ನೋಡಿ, ನೂರೊಂದನೆಯದು ಬೇರೆ ಎಂದು ಹಿಡಿಯುವುದಕ್ಕೆ ಆ ಬೇರೆಯದನ್ನು ಹಿಂದೆ ಎಂದೋ ಕಣ್ಣಾರೆ ಕಂಡಿರಬೇಕು. ನನ್ನ ಹತ್ತಿರ ಐವತ್ತು ದಾಟಿದ ಒಬ್ಬರು ಬಂದಿದ್ದರು. ಸುಸ್ತು, ಹಿಮೋಗ್ಲೋಬಿನ್ ಕಡಿಮೆ. ಆರು ತಿಂಗಳಿಂದ ಒಬ್ಬ ಎನ್‌ಡಿ ಅವರಿಗೆ ಕಬ್ಬಿಣದ ಮಾತ್ರೆ, ಸೊಪ್ಪು, ಊಟದ ಪಟ್ಟಿ ಕೊಡುತ್ತಿದ್ದರು, ಬಹಳ ಪ್ರೀತಿಯಿಂದ ನೋಡಿಕೊಂಡಿದ್ದರು ಕೂಡ. ಆದರೆ ಆ ವಯಸ್ಸಿನ ಗಂಡಸಿಗೆ ಕಬ್ಬಿಣ ಕಡಿಮೆಯಾದರೆ ಊಟಕ್ಕಿಂತ ಮೊದಲು ಅನುಮಾನ ಪಡಬೇಕಾದ್ದು ಕರುಳಿನ ಮೇಲೆ, ರಕ್ತ ಎಲ್ಲಿಂದಲೋ ಸೋರುತ್ತಿದೆಯಾ ಎಂದು. ಅವರಿಗೆ ಕರುಳಿನ ಕ್ಯಾನ್ಸರ್ ಇತ್ತು. ಆ ಆರು ತಿಂಗಳು ವಾಪಸ್ ಬರಲಿಲ್ಲ. ಆ ಎನ್‌ಡಿ ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಅಂಥ ಪೇಷಂಟನ್ನು ಅವರು ತರಬೇತಿಯಲ್ಲಿ ನೋಡಿರಲಿಲ್ಲ, ಅಷ್ಟೇ.

ಇನ್ನೊಂದು ಕಡೆಯದನ್ನೂ ಹೇಳಬೇಕು. ನನ್ನ ಪೇಷಂಟ್ ಒಬ್ಬರಿಗೆ ಥೈರಾಯ್ಡ್ ರಿಪೋರ್ಟ್ ಇದ್ದಕ್ಕಿದ್ದ ಹಾಗೆ ಏರುಪೇರಾಯಿತು. ಟಿಎಸ್‌ಎಚ್ ಎಂದರೆ ಕೆಲಸ ಮಾಡು ಎಂದು ಥೈರಾಯ್ಡ್ ಗ್ರಂಥಿಗೆ ಹೇಳುವ ಹಾರ್ಮೋನು. ಅದು ತೀರಾ ಇಳಿದಿತ್ತು, ಅಂದರೆ ಮಾತ್ರೆ ಜಾಸ್ತಿಯಾಗಿದೆ ಎಂದರ್ಥ. ನಾನು ಡೋಸ್ ಇಳಿಸಿದೆ. ಅವರ ಸುಸ್ತು ಇನ್ನೂ ಹೆಚ್ಚಾಯಿತು. ಅವರು ಒಬ್ಬ ಎನ್‌ಡಿ ಹತ್ತಿರ ಹೋದರು. ಆಕೆ ಒಂದೂವರೆ ಗಂಟೆ ಕೂರಿಸಿಕೊಂಡು, ಬಾಯಿಗೆ ಹಾಕುವ ಪ್ರತಿಯೊಂದನ್ನೂ ಕೇಳಿ ಬರೆದುಕೊಂಡರು. ಕೂದಲು ಉದುರುತ್ತದೆ ಎಂದು ಪೇಷಂಟ್ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದರು, ದೊಡ್ಡ ಡೋಸು. ಬಯೋಟಿನ್ ಕೆಲವು ಲ್ಯಾಬ್ ಪರೀಕ್ಷೆಗಳನ್ನೇ ಕೆಡಿಸುತ್ತದೆ. ಥೈರಾಯ್ಡ್ ಸರಿ ಇದ್ದರೂ ಜಾಸ್ತಿ ಇರುವಂತೆ ರಿಪೋರ್ಟ್ ಬರುತ್ತದೆ. ನಾನು ಆ ಮಾತ್ರೆ ಬಗ್ಗೆ ಕೇಳಿಯೇ ಇರಲಿಲ್ಲ. ನನಗಿದ್ದದ್ದು ಹದಿನೈದು ನಿಮಿಷ. ಆ ಎನ್‌ಡಿ ನನಗೆ ಫೋನ್ ಮಾಡಿ ಹೇಳಿದರು, ನಾನು ಡೋಸ್ ಮತ್ತೆ ಮೊದಲಿನಂತೆ ಮಾಡಿದೆ. ಆ ದಿನದಿಂದ ಇವತ್ತಿನವರೆಗೂ ಸಪ್ಲಿಮೆಂಟ್ ಬಗ್ಗೆ ಕೇಳದೆ ನಾನು ಥೈರಾಯ್ಡ್ ರಿಪೋರ್ಟ್ ಓದುವುದಿಲ್ಲ.

ನಿಮ್ಮ ಮಗಳು ಅಲ್ಲಿಗೆ ಹೋಗಿದ್ದು ಯಾಕೆ ಎನ್ನುವುದಕ್ಕೂ ಇದರಲ್ಲೇ ಉತ್ತರ ಇದೆ ಅನ್ನಿಸುತ್ತದೆ. ಎನ್‌ಡಿ ಹತ್ತಿರ ಮೊದಲ ಭೇಟಿ ಒಂದು ಗಂಟೆಯಿಂದ ಒಂದೂವರೆ ಗಂಟೆ. ನಿದ್ದೆ, ಊಟ, ಕೆಲಸದ ಒತ್ತಡ, ಮುಟ್ಟು, ಮನೆ ವಿಷಯ ಎಲ್ಲಾ ಕೇಳುತ್ತಾರೆ. ರೋಗದ ಹಿಂದಿನ ಕಾರಣ ಹುಡುಕು, ಇಡೀ ಮನುಷ್ಯನನ್ನು ನೋಡು, ಪೇಷಂಟಿಗೆ ಕಲಿಸು, ಹಾನಿ ಮಾಡಬೇಡ ಎನ್ನುವುದು ಅವರ ಕಾಲೇಜಿನಲ್ಲಿ ಮೊದಲ ದಿನದಿಂದ ಹೇಳಿಕೊಡುವ ತತ್ವ. ನಿಮ್ಮ ರಿಪೋರ್ಟ್ ನಾರ್ಮಲ್ ಇದೆ, ಏನೂ ಆಗಿಲ್ಲ ಎಂದು ನಮ್ಮಂಥವರು ಎದ್ದು ನಿಂತಾಗ ಸುಸ್ತಾದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು ಹೇಳಿ. ಅವಳ ಮಾತು ಕೇಳುವವರ ಹತ್ತಿರ ತಾನೇ.

ಆದರೆ ಕೇಳುವ ತಾಳ್ಮೆ ಬೇರೆ, ಕೊಡುವ ಔಷಧಿ ಬೇರೆ. ಎನ್‌ಡಿಗಳು ಹೇಳುವ ಊಟ, ನಿದ್ದೆ, ವ್ಯಾಯಾಮಕ್ಕೆ ಒಳ್ಳೆಯ ಆಧಾರ ಇದೆ. 2013ರಲ್ಲಿ ಕೆನಡಾದಲ್ಲಿ ಅಂಚೆ ನೌಕರರ ಮೇಲೆ ಒಂದು ವರ್ಷದ ಅಧ್ಯಯನ ಪ್ರಕಟವಾಯಿತು. ಮಾಮೂಲಿ ಡಾಕ್ಟರ್ ಜೊತೆಗೆ ಎನ್‌ಡಿಯನ್ನೂ ಕಂಡವರಲ್ಲಿ ಹೃದ್ರೋಗದ ಅಂದಾಜು ಅಪಾಯ ಇನ್ನೊಂದು ಗುಂಪಿಗಿಂತ ಕಡಿಮೆಯಾಗಿತ್ತು. ನನಗೆ ಅದರಲ್ಲಿ ಕಾಣುವುದು ಗಿಡಮೂಲಿಕೆಯ ಗೆಲುವಿಗಿಂತ ಜಾಸ್ತಿ, ಒಬ್ಬರು ಕೂತು ಊಟದ ಬಗ್ಗೆ ಮತ್ತೆ ಮತ್ತೆ ಮಾತಾಡಿದ್ದರ ಗೆಲುವು. ಜೊತೆಗೆ ಎನ್ನುವ ಮಾತನ್ನೂ ಗಮನಿಸಿ. ಅವರು ತಮ್ಮ ಡಾಕ್ಟರನ್ನು ಬಿಟ್ಟಿರಲಿಲ್ಲ. ಹೋಮಿಯೋಪತಿ ವಿಷಯಕ್ಕೆ ಬಂದರೆ, ಸಕ್ಕರೆ ಗುಳಿಗೆಗಿಂತ ಹೆಚ್ಚಿನ ಪರಿಣಾಮ ಇದೆ ಎನ್ನುವುದಕ್ಕೆ ನಂಬುವಂಥ ಪುರಾವೆ ಇಲ್ಲ. ಅದು ಇನ್ನೂ ಅವರ ಪಠ್ಯದಲ್ಲಿ ಕೂತಿರುವುದು ನನಗೆ ನಿಜವಾಗಿ ಬೇಸರದ ಸಂಗತಿ. ವಿಜ್ಞಾನ ಓದಿದ ಅದೇ ಮಕ್ಕಳಿಗೆ ಅದನ್ನೂ ಕಲಿಸುತ್ತಾರಲ್ಲ ಎಂದು.

ಕಾನೂನಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ, ಮಗಳು ನಾಳೆ ಬೇರೆ ರಾಜ್ಯಕ್ಕೆ ಹೋದರೆ ಬೇಕಾಗುತ್ತದೆ. ಅಮೆರಿಕದಲ್ಲಿ ಸುಮಾರು ಅರ್ಧದಷ್ಟು ರಾಜ್ಯಗಳು ಮಾತ್ರ ಎನ್‌ಡಿಗಳಿಗೆ ಲೈಸೆನ್ಸ್ ಅಥವಾ ನೋಂದಣಿ ಕೊಡುತ್ತವೆ. ಒರೆಗಾನ್‌ನಲ್ಲಿ ಅವರು ಬಹಳಷ್ಟು ಔಷಧಿ ಬರೆಯಬಹುದು, ಚಿಕ್ಕಪುಟ್ಟ ಗಾಯಕ್ಕೆ ಹೊಲಿಗೆ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇದ್ದರೂ ಸ್ವಂತವಾಗಿ ಬರೆಯುವ ಔಷಧಿಗಳು ಕೆಲವೇ. ಟೆನೆಸ್ಸಿ, ಸೌತ್ ಕೆರೊಲಿನಾ ರಾಜ್ಯಗಳಲ್ಲಿ ಈ ವೃತ್ತಿಗೇ ನಿಷೇಧ. ವಯಸ್ಸಾದವರಿಗಿರುವ ಮೆಡಿಕೇರ್ ವಿಮೆ ಇವರ ಫೀಸ್ ಕೊಡುವುದಿಲ್ಲ. ಹೊರಗಿನ ದೇಶಗಳಲ್ಲಿ ಇನ್ನೂ ವಿಚಿತ್ರ. ಈ ಪದ್ಧತಿಯ ತವರಾದ ಜರ್ಮನಿಯಲ್ಲಿ ಹೈಲ್‌ಪ್ರಾಕ್ಟಿಕರ್ ಎಂಬ ಚಿಕಿತ್ಸಕರಿದ್ದಾರೆ, 1939ರ ಕಾನೂನಿನ ಪ್ರಕಾರ. ಅವರು ಇಂತಿಷ್ಟು ವರ್ಷ ಓದಲೇಬೇಕು ಎಂಬ ನಿಯಮವಿಲ್ಲ. ಆರೋಗ್ಯ ಇಲಾಖೆಯ ಪರೀಕ್ಷೆ ಪಾಸಾದರೆ ಸಾಕು.

ಈಗ ನಿಮ್ಮ ಮಗಳ ಮಾತ್ರೆ. ‘ನೈಸರ್ಗಿಕ’ ಥೈರಾಯ್ಡ್ ಮಾತ್ರೆ ಎಂದರೆ ಸಾಮಾನ್ಯವಾಗಿ ಒಣಗಿಸಿದ ಹಂದಿಯ ಥೈರಾಯ್ಡ್ ಗ್ರಂಥಿಯ ಪುಡಿ. ನೀವು ಸಸ್ಯಾಹಾರಿಗಳಾದರೆ ಮಗಳಿಗೆ ಇದು ಗೊತ್ತಿದೆಯೇ ಕೇಳಿ, ಬಾಟಲಿಯ ಮೇಲೆ ಎದ್ದು ಕಾಣುವಂತೆ ಬರೆದಿರುವುದಿಲ್ಲ. ಅದಕ್ಕಿಂತ ಮುಖ್ಯವಾದ್ದು ಹಾರ್ಮೋನಿನ ಅಳತೆ. ನಮ್ಮ ಗ್ರಂಥಿ ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನುಗಳನ್ನು ಸುಮಾರು 14ಕ್ಕೆ 1ರಂತೆ ಬಿಡುತ್ತದೆ. ಹಂದಿಯ ಪುಡಿಯಲ್ಲಿ ಅದು 4ಕ್ಕೆ 1ರ ಹತ್ತಿರ. ಟಿ3 ಜೋರಾದ ಹಾರ್ಮೋನು. ಮಾತ್ರೆ ನುಂಗಿದ ಕೆಲವು ಗಂಟೆ ಅದು ರಕ್ತದಲ್ಲಿ ಏರಿ, ಎದೆ ಡವಡವ, ಕೈ ನಡುಕ ಬರಬಹುದು. ಕೆಲವರಿಗೆ ಆ ಮಾತ್ರೆಯಲ್ಲಿ ಹಿತ ಅನ್ನಿಸುವುದು ಸುಳ್ಳಲ್ಲ, ನನ್ನ ಪೇಷಂಟುಗಳಲ್ಲೇ ಇದ್ದಾರೆ. ಆದರೆ ಎಲ್ಲರಿಗೂ ಮೊದಲ ಆಯ್ಕೆ ಅದಲ್ಲ. ಮಗಳು ಬಸುರಿಯಾಗುವ ಯೋಚನೆಯಲ್ಲಿದ್ದರೆ ಬೇಡವೇ ಬೇಡ. ಮಗುವಿನ ಮೆದುಳು ಬೆಳೆಯುವುದಕ್ಕೆ ತಾಯಿಯ ಟಿ4 ಬೇಕು, ಅದು ಲೆವೋಥೈರಾಕ್ಸಿನ್‌ನಲ್ಲಿ ಸಿಗುತ್ತದೆ. ಬಸುರಿಯಾದ ಮೇಲೆ ಅದರ ಡೋಸೂ ಏರಿಸಬೇಕಾಗುತ್ತದೆ.

ಮಾತ್ರೆ ಬದಲಾಯಿಸುವ ಮೊದಲು, ಇರುವ ಮಾತ್ರೆ ಸರಿಯಾಗಿ ಮೈಗೆ ಹತ್ತುತ್ತಿದೆಯಾ ನೋಡಬೇಕು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆವರೆಗೆ ಕಾಫಿ, ತಿಂಡಿ ಏನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲೇ ಅಂಟಿಕೊಂಡು ಹೊರಗೆ ಹೋಗುತ್ತದೆ. ಎಷ್ಟೋ ಜನರ ಸುಸ್ತು ಬರೀ ಇಷ್ಟು ಸರಿ ಮಾಡಿದ್ದಕ್ಕೆ ಕಡಿಮೆಯಾಗಿದ್ದನ್ನು ನೋಡಿದ್ದೇನೆ. ಸುಸ್ತಿಗೆ ಥೈರಾಯ್ಡ್ ಒಂದೇ ಕಾರಣವೂ ಅಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವುದು), ವಿಟಮಿನ್ ಬಿ12 ನೋಡಿದ್ದಾರಾ? ನಿದ್ದೆ ಹೇಗಿದೆ? ದೂರದ ಊರಲ್ಲಿ ಒಬ್ಬಳೇ ಇದ್ದಾಳಾ, ಮನಸ್ಸು ಹೇಗಿದೆ? ಇದನ್ನು ತಾಯಿಯಾಗಿ ನೀವೇ ಕೇಳಬಹುದು.

ಆ ನಾಲ್ಕು ಬಾಟಲಿಗಳ ವಿಷಯ ನನಗೆ ಹೆಚ್ಚು ಚಿಂತೆ. ಅದರಲ್ಲಿ ಬಯೋಟಿನ್ ಇದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಬೇಕು. ಅಶ್ವಗಂಧ ಇದ್ದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ನಮ್ಮದೇ ಗಿಡ ಎಂದು ಸುಮ್ನೆ ಬಿಡುವ ಹಾಗಿಲ್ಲ. ಕಡಲಕಳೆ ಅಥವಾ ಅಯೋಡಿನ್ ಹೆಚ್ಚಾದರೆ ಥೈರಾಯ್ಡ್ ಇನ್ನೂ ಕೆಡಬಹುದು. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೇ ಕುಗ್ಗಿಸುತ್ತದೆ. ಅಮೆರಿಕದಲ್ಲಿ ಸಪ್ಲಿಮೆಂಟ್ ಮಾರುವ ಮೊದಲು ಅದು ಕೆಲಸ ಮಾಡುತ್ತದೆ ಎಂದು ಯಾರೂ ಸರ್ಕಾರಕ್ಕೆ ಸಾಬೀತು ಮಾಡಬೇಕಾಗಿಲ್ಲ. ಎಷ್ಟೋ ಎನ್‌ಡಿಗಳು ಅವನ್ನು ತಮ್ಮ ಕ್ಲಿನಿಕ್‌ನಲ್ಲೇ ಮಾರುತ್ತಾರೆ. ಬರೆಯುವವರೇ ಮಾರುವವರೂ ಆಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯವರು ಮಾರಿದರೂ ಅಷ್ಟೇ.

ಮಗಳನ್ನು ಎನ್‌ಡಿ ಹತ್ತಿರ ಹೋಗಬೇಡ ಎಂದು ತಡೆಯಬೇಡಿ. ತಡೆದರೆ ಹೋಗುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಹೇಳುವುದನ್ನು ನಿಲ್ಲಿಸುತ್ತಾಳೆ. ಬದಲಿಗೆ ಹಳೆಯ ಡಾಕ್ಟರನ್ನು ಬಿಡಬೇಡ ಎನ್ನಿ. ಮುಂದಿನ ಭೇಟಿಯಲ್ಲಿ ಆ ಎನ್‌ಡಿಯನ್ನು ಅವಳು ಕೇಳಲಿ: ನನ್ನ ಹಳೆಯ ಡಾಕ್ಟರ್ ಜೊತೆ ನೀವು ಮಾತಾಡುತ್ತೀರಾ? ನಿಮ್ಮ ಕೈ ಮೀರಿದ್ದು ಎಂದು ಯಾವಾಗ ಬೇರೆಯವರ ಹತ್ತಿರ ಕಳಿಸುತ್ತೀರಿ? ಒಳ್ಳೆಯ ಎನ್‌ಡಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಥಟ್ಟನೆ ಉತ್ತರ ಕೊಡುತ್ತಾರೆ. ಇಂಗ್ಲಿಷ್ ಔಷಧಿ ಎಲ್ಲಾ ವಿಷ, ಲಸಿಕೆ ಬೇಡ, ಕ್ಯಾನ್ಸರಿಗೂ ನನ್ನಲ್ಲೇ ಮದ್ದಿದೆ ಎನ್ನುವವರಾದರೆ ಆ ಮೆಟ್ಟಿಲು ಇನ್ನೊಮ್ಮೆ ಹತ್ತಬಾರದು. ಕ್ಯಾನ್ಸರಿಗೆ ಆಪರೇಷನ್, ಕೀಮೋ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡವರು ಸಾಯುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚು ಎಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದಾರೆ. ಅದು ಎನ್‌ಡಿಗಳ ಬಗ್ಗೆ ಮಾತ್ರ ಮಾಡಿದ ಅಧ್ಯಯನವಲ್ಲ, ಎಲ್ಲಾ ಥರದ ಪರ್ಯಾಯ ಚಿಕಿತ್ಸೆಯದು. ಆದರೂ ಆ ಸಂಖ್ಯೆ ನನ್ನ ತಲೆಯಿಂದ ಹೋಗುವುದಿಲ್ಲ.

ಎರಡು ಕೆಲಸ ಬಾಕಿ ಇವೆ. ನಾಲ್ಕೂ ಬಾಟಲಿಗಳ ಹಿಂಬದಿಯ ಲೇಬಲ್ ಸರಿಯಾಗಿ ಕಾಣುವಂತೆ ಫೋಟೋ ತೆಗೆದು ಅವಳು ತನ್ನ ಇಬ್ಬರು ಡಾಕ್ಟರಿಗೂ ಕಳಿಸಲಿ. ಆಮೇಲೆ ಕೊನೆಯ ಮೂರು ಥೈರಾಯ್ಡ್ ರಿಪೋರ್ಟುಗಳನ್ನು ಮುಂದಿಟ್ಟುಕೊಂಡು, ಯಾವ ಬಾಟಲಿ ಯಾವ ತಿಂಗಳು ಶುರುವಾಯಿತು ಎಂದು ಪಕ್ಕದಲ್ಲಿ ಬರೆಯಲಿ. ಅದನ್ನು ನೋಡದೆ ಹೊಸ ಮಾತ್ರೆ ಶುರು ಮಾಡುವುದು ಬೇಡ.